ಹೊರೆಕಲ್ಲು ಮನೆಗೆ ಹೆಸರು ಬಂದ ವರ್ಷ

ನಾವು ಚಿಕ್ಕವರಿದ್ದಾಗ ನಮ್ಮ ಕಡೆ ಮನುಷ್ಯರ ಹೆಸರಿಗಿಂತ ಮೊದಲು ಮನೆಯ ಹೆಸರು ಕೇಳುತ್ತಿದ್ದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಯಾವ ಸೀಮೆಯ ಯಾವ ಊರಲ್ಲಿ ಬಸ್ಸಿಳಿದರೂ ಮೊದಲ ಪ್ರಶ್ನೆ ಒಂದೇ, 'ಯಾವ ಮನೆ ಆಯ್ತು?' ಮನೆ ಹೇಳಿದರೆ ಮುಗಿಯಿತು, ನಿಮ್ಮ ಅಜ್ಜನ ಕಾಲದಿಂದ ಹಿಡಿದು ನಿಮಗೇ ಗೊತ್ತಿಲ್ಲದ ಸಂಗತಿಗಳೆಲ್ಲ ಕೇಳಿದವರ ಬಾಯಿಂದಲೇ ಹೊರಬರುತ್ತಿದ್ದವು. ಆ ಹೆಸರುಗಳಿಗೂ ಒಂದು ಗತ್ತು. ನಮ್ಮೂರಿನ ಹೊಸಮನೆ ಊರಿಗೇ ಹಳೆಯದು. ದೊಡ್ಡಮನೆ ತನ್ನ ಕೊಟ್ಟಿಗೆಗಿಂತ ಚಿಕ್ಕದು. ಹಲಸಿನಮರದ ಮನೆಯಲ್ಲಿ ಹಲಸಿನ ಮರ ಇರಲಿಲ್ಲ, ಅದನ್ನು ಕಡಿಸಿ ಮಾಡಿಸಿದ ಬಾಗಿಲಷ್ಟೇ ಇತ್ತು. ಹಾಗೆಂದು ಯಾರೂ ಹೆಸರು ತಿದ್ದಲು ಹೋದವರಲ್ಲ.

ಹೆಸರೇ ಇಲ್ಲದ್ದು ನಮ್ಮ ಮನೆಗೆ.

ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. ಮುತ್ತಿನಕೊಪ್ಪದಿಂದ ಒಂದಿಷ್ಟು ಒಳಗೆ, ರಸ್ತೆಯ ಏರು ಮುಗಿಯುವಲ್ಲಿ ಸಾಲಾಗಿ ಕಟ್ಟಿದ್ದ ನಾಲ್ಕು ಜನತಾಮನೆಗಳಲ್ಲಿ ಕೊನೆಯದು ನಮ್ಮದು. ಬಾಗಿಲ ಪಕ್ಕ ಪಂಚಾಯಿತಿಯವರು ಕೆಂಪು ಬಣ್ಣದಲ್ಲಿ ನಾಲ್ಕು ಎಂದು ನಂಬರ್ ಬರೆದು ಹೋಗಿದ್ದರು. ಸ್ವಂತ ಮನೆಯಾಯಿತಲ್ಲ ಎಂಬ ಸಂತೋಷದಲ್ಲಿ ಮೊದಲ ವರ್ಷ ಆ ನಾಲ್ಕು ನಮಗೆ ಕಾಣಲೇ ಇಲ್ಲ. ಕಂಡದ್ದು ನಾನು ಐದನೇ ಕ್ಲಾಸಿಗೆ ಬಂದಾಗ.

ನಮ್ಮ ಕ್ಲಾಸಿನಲ್ಲಿ ಮೂವರು ಸುಜಾತರಿದ್ದೆವು. ಟೀಚರು ದಿನಾ ನರಸಿಂಹರಾಜಪುರದಿಂದ ಬಸ್ಸಿನಲ್ಲಿ ಬರುತ್ತಿದ್ದವರು. ಗೊಂದಲ ಬೇಡವೆಂದು ಹಾಜರಿ ಕೂಗುವಾಗ ಮನೆಯ ಹೆಸರು ಸೇರಿಸಿ ಕೂಗುತ್ತಿದ್ದರು. ಕಾನುಮನೆ ಸುಜಾತ. ಹೊಸಮನೆ ಸುಜಾತ. ಆಮೇಲೆ ಒಂದು ಕ್ಷಣ ತಡೆದು, ನಾಲ್ಕನೇ ನಂಬರ್ ಸುಜಾತ. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ, ಪಾಪ. ಆದರೆ ಆಟದ ಬೆಲ್ಲು ಹೊಡೆದು ಕುಂಟಾಬಿಲ್ಲೆಗೆ ಗೆರೆ ಎಳೆಯುವಷ್ಟರಲ್ಲಿ ಹೊಸಮನೆ ಸುಜಾತ ಕೈಯಲ್ಲಿ ಸ್ಟೇರಿಂಗು ತಿರುಗಿಸುತ್ತ, "ನಾಲ್ಕನೇ ನಂಬರ್ ಬಸ್ಸು ಬಂತು, ದಾರಿ ಬಿಡ್ರೇ" ಎನ್ನುವಳು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ. ಮನೆಗೆ ಬಂದು ಮಾತ್ರ ಬಿಲ್ಲೆಯ ಚೂಪು ತುದಿಯಿಂದ ಗೋಡೆಯ ನಾಲ್ಕನ್ನು ಕೆರೆಯುತ್ತಿದ್ದೆ. ಗಾರೆ ಉದುರಿತೇ ಹೊರತು ಬಣ್ಣ ಹೋಗಲಿಲ್ಲ.

ಮನೆಗೊಂದು ಹೆಸರಿಡು ಎಂದು ಅಪ್ಪನ ಬೆನ್ನು ಬಿದ್ದೆ. ಅಪ್ಪನಿಗೂ ಒಳಗೊಳಗೇ ಆಸೆಯಿತ್ತೆಂದು ತೋರುತ್ತದೆ. ಪೇಟೆಯಲ್ಲಿ ಅಂಗಡಿ ಬೋರ್ಡು ಬರೆಯುವವನೊಬ್ಬ ಅವನ ಗೆಳೆಯ. ಅವನ ಕೈಯಲ್ಲಿ ಒಂದು ಹಲಗೆಯ ಮೇಲೆ 'ಶ್ರೀ ಲಕ್ಷ್ಮೀ ನಿಲಯ' ಎಂದು ಹಳದಿಯಲ್ಲಿ ಬರೆಸಿ, ಸುತ್ತ ಹಸಿರು ಬಳ್ಳಿ ಹಾಕಿಸಿ ತಂದ. ಮನೆ ಕಟ್ಟಿ ಉಳಿದ ಕೆಂಪು ಜಂಬಿಟ್ಟಿಗೆ ಕಲ್ಲು ಹಿತ್ತಿಲಲ್ಲಿ ಒಟ್ಟಿದ್ದಿತ್ತು. ಅದರಲ್ಲಿ ರಸ್ತೆಯ ಬದಿಗೆ ಗೇಟಿನ ಹಾಗೆ ಎರಡು ಕಂಬ ಕಟ್ಟಿ, ನಡುವೆ ಈ ಬೋರ್ಡು ತೂಗುಹಾಕುವುದೆಂದು ನಾನೂ ಅವನೂ ನಿಶ್ಚಯ ಮಾಡಿದೆವು.

ಈ ಸುದ್ದಿಯನ್ನು ನಾನು ಮೊದಲು ಒಯ್ದದ್ದು ಕಾನುಮನೆ ದೊಡ್ಡಮ್ಮನ ಹತ್ತಿರ. ದೊಡ್ಡಮ್ಮ ಎಂದರೆ ನನ್ನ ಜೊತೆಯ ಸುಜಾತನ ಅಜ್ಜಿ, ಊರಿಗೆಲ್ಲ ದೊಡ್ಡಮ್ಮ. ಅಮ್ಮ ಅವರ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಜಗಲಿಯ ಮೇಲೆ ಹಪ್ಪಳ ಒಣಹಾಕುತ್ತಿದ್ದ ದೊಡ್ಡಮ್ಮ ನನ್ನ ಮಾತೆಲ್ಲ ಕೇಳಿ, ಒಂದು ಹಸಿ ಹಪ್ಪಳದ ಹಿಟ್ಟಿನ ಉಂಡೆ ನನ್ನ ಕೈಗಿಟ್ಟು ಹೇಳಿದರು:

"ಮನೆ ಹೆಸ್ರು ಮನೆಯೋರು ಇಡೋದಲ್ಲ ಕೂಸೇ. ದಾರಿ ಹೇಳೋರು ಇಡೋದು."

ಉಂಡೆ ಖಾರವಾಗಿ ರುಚಿಯಾಗಿತ್ತು. ಮಾತು ಮಾತ್ರ ನನಗೆ ಸೇರಲಿಲ್ಲ.

ಅದು ದರಗಿನ ಕಾಲ. ಅಡಿಕೆ ಕೊಯ್ಲು ಮುಗಿದು ಕಾಡಿನ ಎಲೆಯೆಲ್ಲ ಉದುರಿ, ನಡೆದರೆ ಹಪ್ಪಳ ಮುರಿದಂತೆ ಸದ್ದಾಗುವ ದಿನಗಳು. ಆ ಒಣ ಎಲೆಯನ್ನು ನಾವು ದರಗು ಎನ್ನುತ್ತೇವೆ. ಹೆಂಗಸರು ಬೆಳಗ್ಗೆಯೇ ಕಾಡಿಗೆ ಹೋಗಿ ದರಗು ಗುಡಿಸಿ, ಹಗ್ಗದ ಬಲೆಗೆ ತುಳಿದು ತುಳಿದು ತುಂಬಿ, ತಲೆಯ ಮೇಲೆ ಹೊತ್ತು ತಂದು ದೊಡ್ಡ ಮನೆಗಳ ಕೊಟ್ಟಿಗೆಗೆ ಹಾಕುತ್ತಿದ್ದರು. ದೂರದಿಂದ ನೋಡಿದರೆ ಹೆಂಗಸರು ಕಾಣುತ್ತಿರಲಿಲ್ಲ, ಎಲೆಯ ಗುಡ್ಡೆಗಳಿಗೇ ಕಾಲು ಬಂದು ಏರು ಹತ್ತಿದಂತೆ ಕಾಣುತ್ತಿತ್ತು. ದರಗಿಲ್ಲದ ದಿನ ಹಸಿಸೊಪ್ಪು, ಅದಿಲ್ಲದ ದಿನ ಸೌದೆ. ಅವು ಇನ್ನೂ ಭಾರ.

ಹೊರೆಯ ಕಷ್ಟ ಹೊತ್ತವರಿಗೇ ಗೊತ್ತು. ನೆಲಕ್ಕೆ ಇಳಿಸುವುದು ಸುಲಭ, ಮತ್ತೆ ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಒಬ್ಬಳೇ ಬರುವವಳು ಅದಕ್ಕೇ ಇಳಿಸುವುದಿಲ್ಲ, ಹಲ್ಲು ಕಚ್ಚಿ ನಡೆಯುತ್ತಾಳೆ. ಗುಲಾಬಕ್ಕ ಎಂಬವಳು ಯಾವಾಗಲೂ ಒಬ್ಬಳೇ ಬರುತ್ತಿದ್ದಳು. ಒಂದು ಮಧ್ಯಾಹ್ನ ಆಕೆ ಏರು ಹತ್ತಿ ಬಂದು ನಮ್ಮ ಮನೆಯೆದುರು, ಹೊರೆ ಹೊತ್ತುಕೊಂಡೇ ಮರಕ್ಕೆ ಕೈ ಕೊಟ್ಟು ನಿಂತಿದ್ದಳು. ಕುತ್ತಿಗೆಯ ನರ ನಡುಗುತ್ತಿತ್ತು. ಅಮ್ಮ ಅಕ್ಕಿರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿ ಹೊರೆ ಇಳಿಸಿದಳು, ನೀರು ಬೆಲ್ಲ ಕೊಟ್ಟಳು, ಮತ್ತೆ ಎತ್ತಿ ಹೊರಿಸಿದಳು. ಆಕೆ ಹೋದಮೇಲೆ ಬಹಳ ಹೊತ್ತು ಹಿತ್ತಿಲಲ್ಲಿ ಜಂಬಿಟ್ಟಿಗೆಯ ರಾಶಿ ನೋಡುತ್ತ ನಿಂತಿದ್ದಳು.

ಅಪ್ಪ ಆಗ ಊರಲ್ಲಿರಲಿಲ್ಲ. ಬಾಳೆಹೊನ್ನೂರಿನ ಕಡೆಯ ತೋಟಕ್ಕೆ ಮೆಣಸು ಕೊಯ್ಯಲು ಹದಿನೈದು ದಿನಕ್ಕೆಂದು ಹೋಗಿದ್ದ. ಮರುದಿನ ನಾನು ಶಾಲೆಯಿಂದ ಬರುವಾಗ ನಮ್ಮ ಗೇಟಿನ ಜಂಬಿಟ್ಟಿಗೆ ರಸ್ತೆ ಬದಿಗೆ ಬಂದು ಕೂತಿತ್ತು. ಕಂಬವೇ ಏಳುತ್ತಿದೆ ಎಂದು ಹಿಗ್ಗಿ ಓಡಿದೆ. ನೋಡಿದರೆ ಗೇಟಿನ ಲಕ್ಷಣವೇ ಇಲ್ಲ. ಅಮ್ಮ ಗುಲಾಬಕ್ಕನನ್ನು ನಮ್ಮ ಗೋಡೆಗೆ ಒರಗಿಸಿ ನಿಲ್ಲಿಸಿ, ಆಕೆಯ ಕಿವಿಯ ಮಟ್ಟಕ್ಕೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಆಮೇಲೆ ಇನ್ನೊಬ್ಬಳನ್ನು, ಮತ್ತೊಬ್ಬಳನ್ನು. ಗೋಡೆಯ ತುಂಬ ಊರ ಹೆಂಗಸರ ಕಿವಿಯ ಗೆರೆಗಳು. ಎಲ್ಲದರ ನಡುವಿನದೊಂದು ಗೆರೆ ಹಿಡಿದು ಆ ಎತ್ತರಕ್ಕೆ ಎರಡು ಕಂಬ ಕಟ್ಟಿ, ಮೇಲೆ ಒಂದು ಚಪ್ಪಡಿ ಅಡ್ಡ ಹಾಕಿದರು. ಚಪ್ಪಡಿ ಹೊಳೆಯಿಂದ ಬಂದದ್ದು. ಆರು ಹೆಂಗಸರು ಬಿದಿರಿನ ಗಳಕ್ಕೆ ಕಟ್ಟಿ ಹೊತ್ತು ತಂದರು. ಹೊರೆ ಹೊತ್ತವಳು ಅದರ ಹತ್ತಿರ ಬಂದು ಮಂಡಿ ಸ್ವಲ್ಪ ಬಗ್ಗಿಸಿದರೆ ಸಾಕು, ಹೊರೆ ಜಾರಿ ಕಲ್ಲಿನ ಮೇಲೆ ಕೂರುತ್ತದೆ. ದಣಿವಾರಿದ ಮೇಲೆ ತಲೆ ಕೊಟ್ಟು ನೆಟ್ಟಗಾದರೆ ಹೊರೆ ತಾನೇ ತಲೆಗೆ ಬರುತ್ತದೆ. ಯಾರ ಕೈಯೂ ಬೇಡ.

ನನಗೆ ಅದರ ಚಂದ ಕಾಣಲಿಲ್ಲ. ನನ್ನ ಹೆಸರನ್ನೇ ತೆಗೆದು ದರಗಿನ ಅಡಿಗೆ ಹಾಕಿದಳೆಂದು ಅತ್ತೆ. ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟೆ. ಊಟ ಬಿಡಲಿಲ್ಲ, ಯಾಕೆಂದರೆ ಅಮ್ಮ ಮಿಡಿ ಉಪ್ಪಿನಕಾಯಿಯ ಹೊಸ ಜಾಡಿ ತೆಗೆದಿದ್ದಳು.

ಅಪ್ಪ ಬಂದರೆ ನ್ಯಾಯ ಸಿಗುತ್ತದೆಂದು ಕಾದೆ. ಬಂದ. ಮೆಣಸಿನ ಘಾಟು ಬಟ್ಟೆಯಲ್ಲೆಲ್ಲ. ಚೀಲ ಕೆಳಗಿಡದೆ ಕಲ್ಲಿನ ಸುತ್ತ ಒಂದು ಸುತ್ತು ಬಂದು ಕೇಳಿದ.

"ಎಂತದೇ ಮಾರಾಯ್ತಿ ಇದು? ನನ್ ಗೇಟು ಎಲ್ಲಿ?"

"ಬೇಲಿನೇ ಇಲ್ಲ ನಮಗೆ. ಗೇಟಿಂದ ಯಾರನ್ನ ತಡೀತೀರಿ?" ಎಂದಳು ಅಮ್ಮ.

ಅಷ್ಟರಲ್ಲಿ ಏರಿನಲ್ಲಿ ಮೂರು ಹೊರೆಗಳು ಬಂದವು. ಒಂದಾದ ಮೇಲೊಂದು ಕಲ್ಲಿಗೆ ಒರಗಿ ಇಳಿದವು, ಕೆಳಗಿಂದ ಬೆವರಿದ ಮೂರು ಮುಖಗಳು ಹೊರಬಂದವು. ಅವರಲ್ಲಿ ಒಬ್ಬಳು ಅಪ್ಪನನ್ನು ನೋಡಿ, ಕಲ್ಲು ಕಟ್ಟಿಸಿದ ಯಜಮಾನರು ಬಂದರಲ್ಲ ಎಂದು ಕೈ ಮುಗಿದಳು. ಜೀವಮಾನವಿಡೀ ಬೇರೆಯವರನ್ನು ಯಜಮಾನರೇ ಎಂದು ಕರೆದ ನನ್ನಪ್ಪ ಒಳಗೆ ಹೋಗಿ ನೀರಿನ ಕೊಡ ತಂದಿಟ್ಟ. ಆ ಬೋರ್ಡು ಕೆಲವು ದಿನ ಮೂಲೆಯಲ್ಲಿ ನಿಂತು, ಕೊನೆಗೆ ಕೋಳಿಗೂಡಿನ ಬಾಗಿಲಾಯಿತು. ನಮ್ಮ ಕೋಳಿಗಳು ಶ್ರೀ ಲಕ್ಷ್ಮೀ ನಿಲಯದಲ್ಲಿ ಸುಖವಾಗಿದ್ದವು.

ನನ್ನ ದುಃಖ ಹಾಗೇ ಇತ್ತು. ಹಾಜರಿಯಲ್ಲಿ ನಾನಿನ್ನೂ ನಂಬರೇ.

ಇತ್ತ ಹೆಂಗಸರ ಮಾತಿನಲ್ಲಿ 'ಹೊರೆಕಲ್ಲು' ಸೇರಿಕೊಳ್ಳುತ್ತಿದ್ದುದು ನನ್ನ ಗಮನಕ್ಕೆ ಬರಲಿಲ್ಲ. ಹೊರೆಕಲ್ಲಿನ ಹತ್ತಿರ ಕಾಯುತ್ತೇನೆ ಎಂದು ಗುಲಾಬಕ್ಕ ಇನ್ನೊಬ್ಬಳಿಗೆ ಹೇಳುವಳು. ಹೊರೆಕಲ್ಲು ದಾಟಿ ಎಡಕ್ಕೆ ಹೋಗಿ ಎಂದು ಮದುವೆಗೆ ಕರೆಯಲು ಬಂದವರಿಗೆ ದಾರಿ ಹೇಳುವರು. ಹೊರೆ ಹೊತ್ತು ದಣಿದವರು ಅಲ್ಲೇ ಬಸ್ಸಿಗೆ ಕೈ ತೋರಿಸತೊಡಗಿದಾಗ ಬಸ್ಸೂ ಅಲ್ಲಿ ನಿಲ್ಲತೊಡಗಿತು. ನಿಂತಮೇಲೆ ಕಂಡಕ್ಟರಿಗೆ ಕೂಗಲೊಂದು ಹೆಸರು ಬೇಕಲ್ಲ, 'ಯಾರ್ರೀ ಹೊರೆಕಲ್ಲು, ಮುಂದೆ ಬನ್ನಿ' ಎಂದು ಕೂಗತೊಡಗಿದ. ಅದೇ ಬಸ್ಸಿನಲ್ಲಿ ದಿನಾ ನಮ್ಮ ಟೀಚರು ಕೂತಿರುತ್ತಿದ್ದರು.

ಯುಗಾದಿಯ ರಜೆ ಮುಗಿದ ಮೊದಲ ದಿನ. ಕಾನುಮನೆ ಸುಜಾತ ಎಂದರು. ಹೊಸಮನೆ ಸುಜಾತ ಎಂದರು. ಆಮೇಲೆ ತಡೆಯದೆ, ತಲೆಯೆತ್ತದೆ, "ಹೊರೆಕಲ್ಲು ಸುಜಾತ" ಎಂದರು.

ಇನ್ನೊಬ್ಬಳು ಸುಜಾತ ಹೊಸದಾಗಿ ಸೇರಿದಳೇ ಎಂದು ಹಿಂದಿನ ಬೆಂಚಿನತ್ತ ತಿರುಗಿ ನೋಡಿದೆ. ಪಕ್ಕದಲ್ಲಿದ್ದ ಹೊಸಮನೆ ಸುಜಾತ ತೊಡೆ ಚಿವುಟಿ, "ನೀನೇ ಕಣೆ ಅದು" ಎಂದಳು. ಹಾಜರ್ ಟೀಚರ್ ಎಂದು ನಾನು ಕೂಗಿದ ಕೂಗಿಗೆ ಪಕ್ಕದ ಕ್ಲಾಸಿನ ಮೇಷ್ಟ್ರು ಇಣುಕಿ ನೋಡಿದರಂತೆ. ಸಂಜೆ ಏರು ಹತ್ತಿದ್ದು ನೆನಪಿಲ್ಲ. ಅಮ್ಮನಿಗೆ ಹೇಳಿದಾಗ ಅವಳು ಒಲೆ ಊದುತ್ತಿದ್ದಳು. ಹೌದಾ ಎಂದು ಇನ್ನೂ ಎರಡು ಸಲ ಊದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಎಂದಳು.

ಊರವರು ಮೆಲ್ಲಗೆ ನಾಲ್ಕೂ ನಂಬರು ಮರೆತರು. ಮೂರನೇ ನಂಬರಿನವರು 'ಹೊರೆಕಲ್ಲು ಪಕ್ಕದ ಮನೆ' ಆದರು; ಅವರಿಗೆ ಅದು ಅಷ್ಟೊಂದು ಹಿಡಿಸಲಿಲ್ಲ. ಕಾನುಮನೆಯ ಮದುವೆಯ ಊಟಕ್ಕೆ ಮನೆಯ ಹೆಸರು ಹಿಡಿದು ಕರೆಯುವಾಗ ನಮ್ಮದನ್ನೂ ಕರೆದರು. ಅಮ್ಮ ಹೊರೆಕಲ್ಲಮ್ಮ ಆಗಿಯೇ ಬಾಳಿದಳು, ಹಾಗೆಯೇ ಹೋದಳು. ಊರಲ್ಲೇ ಇರುವ ನನ್ನ ತಮ್ಮನ ಮಗಳ ಹೆಸರಿನ ಮುಂದೆ ಈಗ ಹೊರೆಕಲ್ಲಿನದೊಂದು 'ಹೆಚ್' ಇದೆ. ಅಡ್ಡಗದ್ದೆಯ ನಮ್ಮ ನೆಂಟರು ಅದೇನೋ ದೊಡ್ಡ ಮನೆತನವೆಂದು ತಿಳಿದಿದ್ದಾರೆ. ನಾವೂ ಅಲ್ಲವೆನ್ನಲು ಹೋಗಿಲ್ಲ.

ನಾನೀಗ ಕೊಪ್ಪದಲ್ಲಿದ್ದೇನೆ. ನಮ್ಮ ಬೀದಿಯ ಪ್ರತಿ ಮನೆಗೂ ಗ್ರಾನೈಟಿನಲ್ಲಿ ಕೊರೆಸಿದ ಹೆಸರಿದೆ, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ಪಾರ್ಸೆಲ್ ತರುವ ಹುಡುಗ ಲೊಕೇಶನ್ ಕಳಿಸಿ ಎನ್ನುತ್ತಾನೆ. ಕಳಿಸುತ್ತೇನೆ. ಯಾರನ್ನೂ ದಾರಿ ಕೇಳದೆ ಬರುತ್ತಾನೆ, ಹೋಗುತ್ತಾನೆ.

ಊರಿನ ಕಲ್ಲು ಹಾಗೇ ಇದೆ, ತಮ್ಮ ವರ್ಷವರ್ಷ ಸುಣ್ಣ ಹೊಡೆಯುತ್ತಾನೆ. ಗ್ಯಾಸು ಬಂತು, ಕೊಟ್ಟಿಗೆಗಳು ಬರಿದಾದವು, ಹೊರೆಗಳು ನಿಂತವು. ಹುಡುಗರು ಅದರ ಮೇಲೆ ಹೆಲ್ಮೆಟ್ ಇಟ್ಟು ಫೋನಿನಲ್ಲಿ ಮಾತಾಡುತ್ತಾರೆ. ಹೋದ ಸಲ ಹೋದಾಗ ಗುಲಾಬಕ್ಕನನ್ನು ಕಾಣಲು ಹೋಗಿದ್ದೆ. ಆ ಕಲ್ಲು ಅಂದರೆ ಏನು ನೆನಪಾಗುತ್ತದೆ ಎಂದು ಕೇಳಿದೆ. ಜಗಿಯುತ್ತಿದ್ದ ಎಲೆ ಅಡಿಕೆಯನ್ನು ದವಡೆಗೆ ಸರಿಸಿ ಹೇಳಿದಳು:

"ಏರು ಹತ್ತೋವಷ್ಟೂ ಹೊತ್ತು ಕಾಲ್ ಹೆಬ್ಬೆಟ್ಟು ಬಿಟ್ರೆ ಎಂತದೂ ಕಾಣ್ತಿರ್ಲಿಲ್ಲ ಕೂಸೇ. ಕಲ್ಲಿಗೆ ಹೊರೆ ಜಾರ್ಸಿ ತಲೆ ಎತ್ತಿದ್ರೆ, ಆಕಾಶ ಅಷ್ಟು ಮೇಲಿತ್ತಲ್ಲ ಅನ್ಸೋದು."

ಆ ಏರಿಗೆ ಹೊರೆ ಹೊತ್ತು ಇದನ್ನು ಹೇಳಬಲ್ಲವರು ನಮ್ಮೂರಿನಲ್ಲಿ ಈಗ ಗುಲಾಬಕ್ಕನೂ ಸೇರಿ ಇಬ್ಬರೇ ಉಳಿದಿದ್ದಾರೆ.