ಹಳೆಯ ಯಂತ್ರಕ್ಕೊಂದು ಕಿಂಡಿ

ರಾತ್ರಿಯಿಡೀ ಬೀಸಿದ ಗಾಳಿ ನಸುಕಿಗೆ ಸುಮ್ಮನಾಗಿದೆ. ಆಕಾಶ ತೊಳೆದಿಟ್ಟ ತಟ್ಟೆಯಂತಿದೆ, ಅಂಗಳದ ತುಂಬ ಎಲೆಗಳು. ಕೃತಕ ಕಾಲು ತಯಾರಿಸುವ ಕಾರ್ಯಾಗಾರದ ಬೀಗ ತೆಗೆಯುವ ಮೊದಲು ಅಲ್ಲಿನ ಕಂಪ್ಯೂಟರ್ ಫೈಲುಗಳನ್ನು ನೋಡಿಕೊಳ್ಳುವ, ಎಲ್ಲರೂ ಫೈಲಕ್ಕ ಎಂದೇ ಕರೆಯುವ ಹೆಂಗಸು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಮೇಲೆ ಮೆಟ್ಟಿಲ ಕೆಳಗಿನ ಕಿರುಕೋಣೆಗೆ ಹೋಗಿ, ಗುಂಯ್‌ಗುಡುವ ಸರ್ವರ್ ಮುಂದೆ ಕೂರುತ್ತಾರೆ.

ಕಾಲು ಕಳೆದುಕೊಂಡವರ ಅಳತೆಗಳೆಲ್ಲ ಇರುವುದು ಈ ಸರ್ವರಿನಲ್ಲಿ. ಅಳತೆಯ ಕೋಣೆಯವರು ಇಲ್ಲಿಗೆ ಕಳಿಸುತ್ತಾರೆ, ಅಚ್ಚು ಕಡೆಯುವ ಯಂತ್ರ ಇಲ್ಲಿಂದ ಎತ್ತಿಕೊಳ್ಳುತ್ತದೆ. ನಡುವೆ ಫೈಲು ಹಂಚುವ ತಂತ್ರಾಂಶ. ಅದರ ಹಳೆಯ ಆವೃತ್ತಿಯಲ್ಲಿ ಕಳ್ಳರು ನುಸುಳುವಷ್ಟು ತೂತು ಕಂಡಿದೆ. ಹಾಗಾಗಿ ಇಂದೇ ಹೊಸದನ್ನು ಹಾಕಬೇಕು. ಇಂದೇ ಒಬ್ಬ ಬಸ್ ಕಂಡಕ್ಟರಿಗೆ ಕಾಲೂ ಸಿದ್ಧವಾಗಬೇಕು. ನಾಳೆ ಬೆಳಿಗ್ಗೆ ಆತ ಡಿಪೋದಲ್ಲಿ ನಿಂತು ತೋರಿಸದಿದ್ದರೆ ಅವನ ಬಸ್ಸು ಬೇರೆಯವರ ಪಾಲು.

ಮೊದಲು ಇದೇ ಕೋಣೆಯಲ್ಲಿ ಪ್ಲಾಸ್ಟರಿನ ಅಚ್ಚುಗಳಿದ್ದವು. ಅವುಗಳ ಧೂಳು ಒರೆಸಿ ಜೋಡಿಸುವ ಕೆಲಸ ಫೈಲಕ್ಕನದು. ಅಚ್ಚುಗಳು ಹೋಗಿ ಕಂಪ್ಯೂಟರ್ ಬಂದಾಗ ಸಂಜೆ ತರಗತಿಗೆ ಸೇರಿ ಕಲಿತರು. "ಅಮ್ಮ ಏನು ಕೆಲಸ ಮಾಡ್ತಾರೆ ಅಂತ ಕೇಳಿದ್ರೆ, ಏನೂ ಆಗದ ಹಾಗೆ ನೋಡ್ಕೊಳ್ತಾರೆ ಅಂತೀನಿ" ಎನ್ನುತ್ತಾಳೆ ಮಗಳು.

ಒಮ್ಮೆ ಆಗಿಯೇ ಹೋಯಿತು. ಯಾರೋ ಹೊರಗಿನಿಂದ ಸರ್ವರಿಗೆ ನುಗ್ಗಿ, ತೆರೆಯಲಾಗದಂತೆ ಅಳತೆಗಳಿಗೆಲ್ಲ ಬೀಗ ಜಡಿದರು. ಹೊಸದಾಗಿ ಅಳತೆ ತೆಗೆಯಲು ಎಲ್ಲರನ್ನೂ ಮತ್ತೆ ಕರೆಸಬೇಕಾಯಿತು. "ಒಬ್ಬ ಅಜ್ಜಿ ಬಂದು, 'ಮಗಾ, ಇನ್ನೊಂದ್ಸಲ ಸೀರೆ ಎತ್ತಿ ತೋರಿಸ್ಬೇಕಾ?' ಅಂದ್ರು. ಆ ಮಾತು ಈಗಲೂ ಚುಚ್ತದೆ" ಎನ್ನುತ್ತಾರೆ ಫೈಲಕ್ಕ.

ಹೊಸ ಆವೃತ್ತಿ ಬಂದಾಗಲೆಲ್ಲ ಏನೇನು ಬದಲಾಗಿದೆ ಎಂಬುದನ್ನು ಫೈಲಕ್ಕ ಚಹಾದ ಹೊತ್ತಿಗೆ ಎಲ್ಲರಿಗೂ ಓದಿ ಹೇಳುತ್ತಾರೆ. ಕಡೆಯುವ ಯಂತ್ರದ ಮೇಸ್ತ್ರಿ ಅದನ್ನು ಪುರಾಣ ಎನ್ನುತ್ತಾರೆ.

"ಈ ಸಲ ಯಾರ ತಲೆ ಹೋಗ್ತದೆ, ಅಕ್ಕ?" ಎಂದು ಕಳೆದ ವಾರ ಅವರು ಕೇಳಿದ್ದರು.

"ನಿಮ್ಮ ಮುದಿ ಯಂತ್ರದ್ದೇ, ಮೇಸ್ತ್ರಿ. ಅದು ಮಾತಾಡೋ ಹಳೇ ಭಾಷೆಗೆ ಇನ್ನು ಬಾಗಿಲು ಬಂದ್. ಹೆಸರು ಹೇಳದೆ ಬರೋರಿಗೂ ಬಂದ್."

ಬೇಕೆಂದರೆ ಆ ಬಾಗಿಲನ್ನು ಮತ್ತೆ ತೆರೆಯಬಹುದು. ಆದರೆ ಅಂದು ಕಳ್ಳರು ನುಗ್ಗಿದ್ದೂ ಅದೇ ಬಾಗಿಲಿನಿಂದ. ಫೈಲಕ್ಕ ಒಂದು ಪುಟ್ಟ ಕಂಪ್ಯೂಟರನ್ನು ಸರ್ವರಿಗೂ ಯಂತ್ರಕ್ಕೂ ನಡುವೆ ಕೂರಿಸಿದ್ದಾರೆ. ಅದು ಸರ್ವರಿನ ಜೊತೆ ಹೊಸ ಭಾಷೆಯಲ್ಲಿ ಮಾತಾಡಿ, ಅಂದಿನ ಅಳತೆಯನ್ನಷ್ಟೇ ತಂದು, ಯಂತ್ರಕ್ಕೆ ಹಳೆಯ ಭಾಷೆಯಲ್ಲಿ ಕೊಡುತ್ತದೆ. ಯಂತ್ರದ ಪಾಲಿಗೆ ಅದೊಂದು ಕಿಂಡಿ.

ಇಂದು ಹೊಸ ಆವೃತ್ತಿ ಹಾಕಿ ಮುಗಿಯುತ್ತದೆ, ಸರ್ವರ್ ಮತ್ತೆ ಏಳುತ್ತದೆ. ಮೇಸ್ತ್ರಿ ಗುಂಡಿ ಒತ್ತುತ್ತಾರೆ. ಯಂತ್ರದ ಪರದೆ ಖಾಲಿ.

"ಆ ಹಳೇ ಬಾಗಿಲು ಒಂದು ಗಳಿಗೆ ತೆಗೀರಿ ಅಕ್ಕ. ಇದೊಂದು ಕಾಲು ಕಡೆದು ಮುಚ್ಚಿಬಿಡೋಣ."

"ಕಳ್ಳರಿಗೂ ಒಂದು ಗಳಿಗೆ ಸಾಕು."

"ಆ ಕಂಡಕ್ಟರಿಗೆ ಏನು ಹೇಳ್ಲಿ?"

ಫೈಲಕ್ಕ ನಡುವಿನ ಪುಟ್ಟ ಕಂಪ್ಯೂಟರಿನ ಕಡೆ ಬಾಗುತ್ತಾರೆ. ತಂತಿ ನೋಡುತ್ತಾರೆ, ಪರದೆ ನೋಡುತ್ತಾರೆ. ಆಮೇಲೆ ಹಣೆ ಚಚ್ಚಿಕೊಂಡು ನಗುತ್ತಾರೆ. "ಎಲ್ಲರಿಗೂ ಹೆಸರು, ಗುಪ್ತಪದ ಮಾಡಿಕೊಟ್ಟೆ. ನನ್ನ ಈ ಪುಟ್ಟ ಪೆಟ್ಟಿಗೆಗೇ ಕೊಟ್ಟಿಲ್ಲ! ಪಾಪ, ಬಾಗಿಲಲ್ಲೇ ನಿಂತಿದೆ."

"ಮನೆ ಕಟ್ಟಿದೋಳನ್ನೇ ಹೊರಗೆ ನಿಲ್ಲಿಸೋ ತಂತ್ರಾಂಶ" ಎನ್ನುತ್ತಾರೆ ಮೇಸ್ತ್ರಿ.

"ಹಾಗಿದ್ರೇ ನಂಬಬಹುದು."

ಪೆಟ್ಟಿಗೆಗೊಂದು ಹೆಸರು ಸಿಗುತ್ತದೆ. ಯಂತ್ರದ ಪರದೆಯಲ್ಲಿ ಕಂಡಕ್ಟರನ ಅಳತೆ ಮೂಡುತ್ತದೆ, ಅಲಗು ತಿರುಗತೊಡಗುತ್ತದೆ. ಬಿಳಿ ಪುಡಿ ಮೆಲ್ಲನೆ ಉದುರುತ್ತದೆ. ಮೇಸ್ತ್ರಿ ತಮ್ಮ ಚಹಾದ ಲೋಟವನ್ನು ಫೈಲಕ್ಕನ ಕಡೆ ಸರಿಸುತ್ತಾರೆ.

"ನನ್ನ ಹೆಸರು ಯಾರಿಗೂ ಗೊತ್ತಾಗೋದು ಬೇಡಪ್ಪ" ಎನ್ನುತ್ತಾರೆ ಫೈಲಕ್ಕ. "ಇಲ್ಲಿಗೆ ಬಂದವರು ಒಂದೇ ಸಲ ಕಾಲು ತೋರಿಸಿದ್ರೆ ಸಾಕು. ಎರಡನೇ ಸಲ ತೋರಿಸಿ ಅಂತ ನಾನಿರೋ ತನಕ ಯಾರೂ ಕೇಳ್ಬೇಕಾಗೋದಿಲ್ಲ."

ಸಂಜೆ ಕಂಡಕ್ಟರ್ ಹೊಸ ಕಾಲಿನ ಮೇಲೆ ನಿಲ್ಲುತ್ತಾನೆ. ಗೋಡೆ ಹಿಡಿದು ಒಂದು ಸುತ್ತು, ಹಿಡಿಯದೆ ಇನ್ನೊಂದು ಸುತ್ತು. ಮೇಸ್ತ್ರಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಾನೆ. ಹೊರಡುವಾಗ ಮೆಟ್ಟಿಲ ಬಳಿ ನಿಂತ ಹೆಂಗಸು ಕಾಣುತ್ತಾರೆ. ಉಗ್ರಾಣದವರಿರಬೇಕು ಎಂದುಕೊಂಡು, ಇಷ್ಟು ದಿನ ಇಲ್ಲಿಂದ ಎರವಲು ಒಯ್ದಿದ್ದ ಊರುಗೋಲುಗಳನ್ನು ಅವರ ಮುಂದೆ ಹಿಡಿಯುತ್ತಾನೆ.

ಫೈಲಕ್ಕ ಎರಡೂ ಕೈ ಚಾಚಿ ಇಸಿದುಕೊಳ್ಳುತ್ತಾರೆ.