ಮಾಳಿಗೆ ಕೋಣೆಯ ಶಾವಿಗೆ ಕೋಲು

ಮಣಿಕೊಂಡದ ಆ ಮನೆಯಲ್ಲಿ ಶಿವದೇವಿಯೂ ಅವಳ ಮೈದುನ ವೈಜನಾಥನೂ ಮಾತು ಬಿಟ್ಟು ಎರಡು ಮಳೆಗಾಲ ಕಳೆದಿದ್ದವು. ಹೇಳಲೇಬೇಕಾದದ್ದು ಏನಾದರೂ ಇದ್ದರೆ ಇಬ್ಬರೂ ಮಾಳಿಗೆಯ ಮೇಲಿನ ನೀರಿನ ಟಾಕಿಗೆ ಹೇಳುತ್ತಿದ್ದರು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳುತ್ತಿದ್ದರು.

ಜಗಳ ಮಾಳಿಗೆ ಕೋಣೆಯದು. ಸೇಡಂ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ಶಿವದೇವಿಯ ಗಂಡ ಮೌನಪ್ಪ ಕಂಡವರ ಮನೆಗಳನ್ನೆಲ್ಲ ಕಟ್ಟಿ ಕೊನೆಗೆ ತನ್ನದೊಂದು ಕಟ್ಟಿಕೊಂಡಾಗ, ಹೆಂಡತಿಯ ಶಾವಿಗೆ ಒಣಗಲೆಂದೇ ಆ ಕೋಣೆಗೆ ಎದುರುಬದುರು ಕಿಟಕಿ ಇಟ್ಟಿದ್ದ. ಅವನು ತೀರಿಹೋದ ಮೇಲೆ ಶಾವಿಗೆಯೇ ಅವಳ ಅನ್ನ. ಬೇಗಂಪೇಟೆಯ ಕನ್ನಡದ ಮನೆಗಳಿಗೆ ಅವಳ ಕೈಯ ಶಾವಿಗೆಯೇ ಆಗಬೇಕು. ಅದೇ ಕೋಣೆಯಲ್ಲಿ ವೈಜನಾಥ, ಅಣ್ಣನ ಮನೆ ತನ್ನದೂ ಹೌದೆಂದು, ಒಂದು ಕಂಪ್ಯೂಟರ್ ತಂದು ಹೂಡಿದ. ಕ್ರಿಪ್ಟೋ ಎಂಬ ಕಣ್ಣಿಗೆ ಕಾಣದ ನಾಣ್ಯವನ್ನು ಕೂತಲ್ಲೇ ಅಗೆದು ತೆಗೆಯುವ ಯಂತ್ರವಂತೆ. ಕಬ್ಬಿಣದ ಚೌಕಟ್ಟಿನಲ್ಲಿ ಸಾಲಾಗಿ ಗ್ರಾಫಿಕ್ಸ್ ಕಾರ್ಡುಗಳು, ಒಂದೊಂದಕ್ಕೂ ಫ್ಯಾನು. ಹಗಲಿರುಳೂ ಗುಂಯ್ಗುಡುತ್ತ ಒಲೆಯಂತೆ ಬಿಸಿ ಕಾರುತ್ತಿತ್ತು.

ಈ ಸಲ ಆಷಾಢದ ಜಡಿಮಳೆ ಹಿಡಿದು ಕೆಳಗೆ ಶಾವಿಗೆ ಮುಗ್ಗತೊಡಗಿತು. ಮೈದುನ ಶಂಶಾಬಾದಿನ ವಿಮಾನ ನಿಲ್ದಾಣದ ಡ್ಯೂಟಿಗೆ ಹೋದದ್ದೇ ತಡ, ಶಿವದೇವಿ ಹಸಿ ಶಾವಿಗೆಯ ಕೋಲುಗಳನ್ನು ಒಯ್ದು ಯಂತ್ರದ ನೆತ್ತಿಯ ಮೇಲೇ ಇಳಿಬಿಡತೊಡಗಿದಳು. ಜಾಗ ತನ್ನದಾದ ಮೇಲೆ ಬಿಸಿಯೂ ತನ್ನದೇ ಎಂದುಕೊಂಡಳು. ಅವನು ಬರುವಷ್ಟರಲ್ಲಿ ಶಾವಿಗೆ ಗರಿಗರಿ ಒಣಗಿ ಕೆಳಗಿಳಿದಿರುತ್ತಿತ್ತು.

ಅದೇ ದಿನಗಳಲ್ಲಿ ವೈಜನಾಥ ಹೆಚ್ಚಿನ ನಾಣ್ಯದಾಸೆಗೆ ಕಾರ್ಡುಗಳನ್ನು ಕಂಪನಿ ಇಟ್ಟ ವೇಗಕ್ಕಿಂತ ಮೇಲೆ ಏರಿಸಿದ. ಇದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಏರಿಸಿದ ಸ್ವಲ್ಪ ಹೊತ್ತಿಗೆ ಯಂತ್ರ ಕಲ್ಲಾಗಿ ನಿಂತಿತು. ವೇಗ ಇಳಿಸಿದ, ನಿಂತಿತು. ಕಂಪನಿಯ ವೇಗಕ್ಕೇ ತಂದ, ಆಗಲೂ ನಿಂತಿತು. ವಯರು ಬದಲಿಸಿದ. ಕೊನೆಗೆ ರಜೆ ಹಾಕಿ ಕಾರ್ಡುಗಳನ್ನೆಲ್ಲ ಬಿಚ್ಚಿ ಒಂದೊಂದನ್ನೇ ಓಡಿಸಿ ನೋಡಿದ. ನಡುವಿನ ಕಾರ್ಡು ಕೈ ಸುಡುವಷ್ಟು ಕಾದಿತ್ತು. ಅದರ ಫ್ಯಾನು ಬಿಚ್ಚಿದರೆ ಒಳಗೆ ಮೆತ್ತಿದ್ದು ಧೂಳಲ್ಲ, ಗೋಧಿ ಹಿಟ್ಟು. ಹಿಟ್ಟಿನೊಳಗೆ ಮುರಿದ ಶಾವಿಗೆಯ ಎಳೆ.

ಕಾರ್ಡು ಹಿಡಿದುಕೊಂಡೇ ಹೊರಗೆ ಬಂದ. ಶಿವದೇವಿ ಮಾಳಿಗೆಯಲ್ಲಿ ಮಳೆ ಬಂತೆಂದು ಹಗ್ಗದ ಬಟ್ಟೆ ಎಳೆದುಕೊಳ್ಳುತ್ತಿದ್ದಳು.

"ಕೇಳಿಲ್ಲಿ ಟಾಕಿ. ಈ ಮನ್ಯಾಗ ಒಬ್ಬರು ನನ್ನ ಮಶೀನಿಗೆ ಶಾವಿಗಿ ಉಣಿಸ್ಯಾರ."

"ಉಣ್ಣಲಿ ಬಿಡು ಟಾಕಿ. ನನ್ನ ಗಂಡನ ಖೋಲ್ಯಾಗ ಬಂದು ಕುಂತೈತಿ, ಉಪವಾಸ ಕೆಡವಾಕ ಬರ್ತೈತೇನು?"

ಅವನು ಕೆಳಗೆ ಹೋಗಿ ಬೇಗಂಪೇಟೆಗೆ ಕಳಿಸಲು ಅವಳು ಎಳೆದಿಟ್ಟಿದ್ದ ಶಾವಿಗೆಯನ್ನು ಕೋಲುಗಳ ಸಮೇತ ಅಂಗಳದ ಮಳೆಗೆ ಎಸೆದ. ನೋಡನೋಡುತ್ತ ಅದು ಅಂಬಲಿಯಾಯಿತು. ಆಮೇಲೆ ಬ್ರಷ್ಷಿನಿಂದ ಹಿಟ್ಟು ಕೆರೆದು ತೆಗೆದು, ವೇಗವನ್ನು ಹದಕ್ಕೆ ಏರಿಸಿದ. ಯಂತ್ರ ನಿಲ್ಲದೆ ಓಡಿತು. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಮರುದಿನ ಅವನು ಡ್ಯೂಟಿಗೆ ಹೋದ ಮೇಲೆ ಶಿವದೇವಿ ಮಾಳಿಗೆ ಹತ್ತಿದಳು. ಕೋಣೆಯ ಬಾಗಿಲ ಮುಂದೆ ಮೌನಪ್ಪ ಹಾಕಿಸಿದ್ದ ತಗಡಿನ ಮಾಡು ಇತ್ತು, ಯಂತ್ರ ಊದುವ ಬಿಸಿಗಾಳಿ ಕಿಟಕಿಯಿಂದ ಅದರಡಿಗೇ ಬರುತ್ತಿತ್ತು. ಅಲ್ಲಿ ಗೋಡೆಯಿಂದ ಗೋಡೆಗೆ, ಎದೆಮಟ್ಟಕ್ಕೆ ಅಡ್ಡಡ್ಡ ಕೋಲು ಕಟ್ಟಿದಳು. ಶಾವಿಗೆ ಮಣೆಯನ್ನೂ ತಂದು ಅಲ್ಲೇ ಕೂತು ಎಳೆಯತೊಡಗಿದಳು.

ಸಂಜೆ ವೈಜನಾಥ ಕೀಲಿ ಹಿಡಿದು ಬಂದ. ಮುಂದೆ ಹಸಿ ಶಾವಿಗೆಯ ಪರದೆ. ಕೋಲಿಗೆ ಕೈ ಹಾಕಹೋದವನು ಅತ್ತಿಗೆಯ ಮುಖ ನೋಡಿ ಕೈ ಹಿಂದೆಗೆದ.

"ವೈನಿ, ಕೋಲ ಸರಸ್ರಿ. ಒಳಗ ಹೋಗಬೇಕು."

ಎರಡು ಮಳೆಗಾಲದ ಮೇಲೆ ಅವಳಿಗೇ ಆಡಿದ ಮಾತು. ಅವಳು ಎಳೆಯಿಂದ ಕಣ್ಣೆತ್ತಲಿಲ್ಲ.

"ಟಾಕಿ, ಬಗ್ಗಿ ಹೋಗಂತ ಹೇಳು. ಒಂದ ಎಳಿ ಹರಿದ್ರೂ ಬಿಡಂಗಿಲ್ಲ ಅಂತ್ಲೂ ಹೇಳು."

ವೈಜನಾಥ ಬಗ್ಗಿದ.