ಚಕ್ರಕ್ಕೆ ಹೋಗುವ ಕೈ

ನನ್ನ ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಯಿತು. ಅವಳು ಹೋದ ಮೇಲೂ ಒಂದು ವರ್ಷ, ವಾರಕ್ಕೆ ಮೂರು ದಿನ, ಊರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಪಾಠ ಹೇಳುತ್ತಲೇ ಇದ್ದಳು. ಆ ಪಾಠ ನಿಲ್ಲಿಸಿದವನು ನಾನು.

ಆಂಧ್ರದ ಗಡಿಯ ನಮ್ಮ ರಾಯದುರ್ಗದಲ್ಲಿ ಬೀದಿ ಬೀದಿಗೆ ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟುಗಳಿವೆ. ಇಪ್ಪತ್ತು ವರ್ಷ ಅವುಗಳಲ್ಲೇ ದುಡಿದು, ಕಣ್ಣು ಮಂದವಾದ ಮೇಲೆ ಬಸ್ ನಿಲ್ದಾಣದ ಹತ್ತಿರದ ಒಂದು ತರಬೇತಿ ಕೇಂದ್ರದಲ್ಲಿ ಮಾಸ್ಟರಾಗಿ ಸೇರಿಕೊಂಡೆ. ಮೂರು ತಿಂಗಳ ತರಬೇತಿ. ವಾರದಲ್ಲಿ ಮೂರು ದಿನ ಕೇಂದ್ರಕ್ಕೆ ಬಂದು ಕರೆಂಟಿನ ಮೆಷಿನ್ನಿನಲ್ಲಿ ಹೊಲಿಯಬೇಕು. ಇನ್ನು ಮೂರು ದಿನ ಮನೆಯಲ್ಲೇ ಕೂತು ಫೋನಿನಲ್ಲಿ ಪಾಠದ ವಿಡಿಯೋ ನೋಡಬೇಕು. ಮುಗಿದ ಮೇಲೆ ಯಾವುದಾದರೂ ಯೂನಿಟ್ಟಿನಲ್ಲಿ ಟ್ರಯಲ್ ಕೊಟ್ಟು ಕೆಲಸಕ್ಕೆ ಸೇರಬೇಕು.

ಮೊದಲು ಬಂದ ವಿಡಿಯೋಗಳು ತೆಲುಗಿನವು. ನಮ್ಮಲ್ಲಿ ತೆಲುಗು ಬಾರದವರಿಲ್ಲ. ಆದರೆ ಅವು ಎಲ್ಲೋ ದೂರದ ಜಿಲ್ಲೆಯಲ್ಲಿ ತೆಗೆದವು, ಪುಸ್ತಕ ಓದಿದ ಹಾಗೆ ಹೇಳುತ್ತಿದ್ದರು. ಹೆಣ್ಣುಮಕ್ಕಳು ವಿಡಿಯೋ ಹಚ್ಚಿಟ್ಟು ರೊಟ್ಟಿ ಬಡಿಯುತ್ತಿದ್ದರು. ಕೇಂದ್ರವನ್ನು ನೋಡಿಕೊಳ್ಳುವ ಮೇಡಂ ಅನಂತಪುರದ ಹುಡುಗಿ. ಇಲ್ಲಿಯವರು ಆಡುವ ಕನ್ನಡದಲ್ಲೇ ನಾವೇ ಪಾಠ ತೆಗೆಯೋಣ ಎಂದರು. ನನಗೆ ಫೋನಿನ ಮುಂದೆ ಬಾಯಿ ಬರುವುದಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳು ಮನೆಯಲ್ಲಿ ಕಾಲುಮೆಷಿನ್ನು ತುಳಿದು ರವಿಕೆ ಹೊಲಿಯುತ್ತಿದ್ದವಳು, ಎದುರಿಗೆ ಯಾರು ಕೂತರೂ ಮಾತನಾಡುವವಳು.

ಫೋನನ್ನು ಕುರ್ಚಿಯ ಬೆನ್ನಿಗೆ ಬಟ್ಟೆಯ ಪಟ್ಟಿಯಿಂದ ಕಟ್ಟಿ, ಅವಳ ಕೈ ಮಾತ್ರ ಕಾಣುವ ಹಾಗೆ ತೆಗೆದೆವು. ಬಾಬಿನ್ ಹಾಕುವುದು, ನೇರ ಹೊಲಿಗೆ, ಮೂಲೆ ತಿರುಗಿಸುವುದು, ಪಾಕೆಟ್ ಕೂಡಿಸುವುದು, ಎಲ್ಲ ಒಂದೇ ದಿನಕ್ಕೆ ಮುಗಿಯಿತು. ಒಂದು ತಪ್ಪು ಉಳಿಯಿತು. ಕಾಲುಮೆಷಿನ್ನಿಗೆ ಪ್ರತಿ ಸಲವೂ ಬಲಗೈಯಿಂದ ಚಕ್ರ ನೂಕಿ ಹೊಲಿಗೆ ಶುರು ಮಾಡಬೇಕು. ಕರೆಂಟಿನ ಮೆಷಿನ್ನಿಗೆ ಅದು ಬೇಡ, ಪೆಡಲ್ ಒತ್ತಿದರೆ ತಾನೇ ಓಡುತ್ತದೆ. ಅವಳ ಕೈಗೆ ಅದು ತಿಳಿಯಲಿಲ್ಲ. ಒಂದೊಂದು ಹೊಲಿಗೆಗೂ ಮೊದಲು ಬಟ್ಟೆ ಬಿಟ್ಟು ಚಕ್ರಕ್ಕೆ ಹೋಗಿ, ಒಂದು ಸಲ ತಟ್ಟಿ, ವಾಪಸ್ಸು ಬರುತ್ತಿತ್ತು.

ಸಂಜೆ ಅವಳೇ ಅದನ್ನು ನೋಡಿ ಹೇಳಿದಳು: “ಕೈ ಚಕ್ರಕ್ಕ ಹೋಗೇತಲ್ರೀ. ನಾಳೆ ಬಂದು ಮತ್ತ ತೆಗಿಯೋಣು.”

ನನಗೆ ಹಸಿವಾಗಿತ್ತು. ಯಾರು ನೋಡುತ್ತಾರೆ ಬಿಡು ಎಂದೆ.

ಎರಡು ತಿಂಗಳಿಗೆ ಅವಳಿಗೆ ಜ್ವರ ಬಂತು. ಬಳ್ಳಾರಿಗೆ ಕರೆದುಕೊಂಡು ಹೋದೆವು. ಒಂಬತ್ತನೆಯ ದಿನ ಅವಳ ದೇಹವನ್ನು ಊರಿಗೆ ತಂದೆವು. ಕಾರ್ಯ ಮುಗಿದ ಮರುದಿನವೇ ನಾನು ಕೇಂದ್ರಕ್ಕೆ ಹೋದೆ. ಇನ್ನೊಂದು ವಾರ ಮನೆಯಲ್ಲಿರು ಎಂದು ಅಣ್ಣ ಹೇಳಿದ. ಮನೆಯಲ್ಲಿ ಕೂತು ಮಾಡುವುದಾದರೂ ಏನು?

ಅವಳು ಇದ್ದಾಗ, ಕೇಂದ್ರಕ್ಕೆ ಬಂದ ಹೆಣ್ಣುಮಕ್ಕಳಿಗೆ ಚಕ್ರ ಮುಟ್ಟಬೇಡಿ ಎಂದು ಹೇಳಿ ತಿದ್ದುತ್ತಿದ್ದೆ. ಆ ದಿನವೂ ಅದನ್ನೇ ಹೇಳಿದೆ. ಆ ವಾರ ಹೊಸದಾಗಿ ಸೇರಿದ್ದ ಒಬ್ಬಳು, ನನಗೆ ಏನಾಗಿದೆ ಎಂದು ತಿಳಿಯದವಳು, ತಲೆ ಎತ್ತಿ ಅಂದಳು: “ಫೋನಿನಾಗ ಅಕ್ಕಾರು ಹಿಂಗ ಮಾಡ್ತಾರಲ್ರಿ, ಮಾಸ್ಟ್ರೇ.”

ಪಕ್ಕದವಳು ಅವಳ ತೊಡೆ ಚಿವುಟಿದಳು. ನಾನು ಮುಂದಿನ ಮೆಷಿನ್ನಿಗೆ ಹೋದೆ. ಅಲ್ಲಿಂದ ಮುಂದೆ ಚಕ್ರದ ಮಾತೇ ಎತ್ತಲಿಲ್ಲ. ಹೆಂಡತಿ ಹೇಳಿಕೊಟ್ಟದ್ದು ತಪ್ಪು ಎಂದು ದಿನವೂ ನನ್ನ ಬಾಯಲ್ಲಿ ಹೇಳುವುದು ಆಗಲಿಲ್ಲ. ಆ ವಿಡಿಯೋ ಅಳಿಸಿಬಿಡಿ ಎಂದು ಮೇಡಂಗೆ ಹೇಳುವುದೂ ಆಗಲಿಲ್ಲ. ಮನೆಯಲ್ಲಿ ವಿಡಿಯೋ ನೋಡಿಕೊಂಡು ತಮ್ಮ ಕಾಲುಮೆಷಿನ್ನಿನ ಮೇಲೆ ಹೊಲಿದು ನೋಡುತ್ತಿದ್ದವರಿಗೆ ಚಕ್ರ ನೂಕುವುದು ಸರಿಯಾಗಿಯೇ ಕೂಡಿ ಬರುತ್ತಿತ್ತು. ಮೂರು ದಿನ ಮನೆಯಲ್ಲಿ ಕೈಗೆ ಹತ್ತಿದ್ದನ್ನು ಉಳಿದ ಮೂರು ದಿನದಲ್ಲಿ ಬಿಡಿಸಬೇಕಾದವನು ನಾನು. ಬಿಡಿಸಲಿಲ್ಲ.

ಟ್ರಯಲ್‌ಗೆ ಹೋದವರಲ್ಲಿ ಕೆಲವರನ್ನು ಯೂನಿಟ್ಟಿನವರು ತೆಗೆದುಕೊಂಡರು, ಕೆಲವರನ್ನು ಕೈ ನಿಧಾನ ಎಂದು ಕಳಿಸಿದರು. ನಿಧಾನ ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಹೀಗೆ ವಾಪಸ್ಸು ಬಂದವರಲ್ಲಿ ಬೆಳುಗುಪ್ಪದ ಒಬ್ಬ ಹೆಣ್ಣುಮಗಳಿದ್ದಳು. ಮೂವತ್ತರ ಆಸುಪಾಸು. ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬುತ್ತಿಯನ್ನು ಮೆಷಿನ್ನಿನ ಮೇಲೇ ಬಿಚ್ಚುತ್ತಿದ್ದಳು. ಆ ತಂಡದಲ್ಲಿ ಅವಳ ಹೊಲಿಗೆಯಷ್ಟು ನೇರ ಹೊಲಿಗೆ ಇನ್ನೊಬ್ಬರದಿರಲಿಲ್ಲ. ಹೊಲದ ಕೂಲಿ ಬಿಟ್ಟು ಬಂದಿದ್ದಳು, ಯೂನಿಟ್ಟು ಸಿಗದಿದ್ದರೆ ಅತ್ತೆಮನೆಯವರು ಇನ್ನೊಂದು ತಿಂಗಳು ಬಸ್ಸು ಹತ್ತಿಸುವುದಿಲ್ಲ ಎಂದಿದ್ದಳು. ಟ್ರಯಲ್‌ನಲ್ಲಿ ಸೂಪರ್‌ವೈಸರ್ ಅವಳ ಹಿಂದೆ ನಿಂತು, ನೀನು ಪ್ಯಾಂಟು ಹೊಲಿಯುತ್ತೀಯೋ ಬಸ್ಸು ನಡೆಸುತ್ತೀಯೋ ಎಂದು ತೆಲುಗಿನಲ್ಲಿ ಕೇಳಿದನಂತೆ. ಸಾಲಿನವರೆಲ್ಲ ನಕ್ಕರಂತೆ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಬಾ, ಆಗಲೂ ಹೀಗೇ ಆದರೆ ಬರಬೇಡ ಎಂದು ಕಳಿಸಿದ್ದರು.

ಅದನ್ನೆಲ್ಲ ಹೇಳಿ ಅವಳು ನನ್ನ ಮೇಜಿನ ಮುಂದೆ ನಿಂತೇ ಇದ್ದಳು.

“ಮೂರು ತಿಂಗಳು ನೀವು ನನ್ನ ಹಿಂದನ ನಿಂತೀರಿ, ಮಾಸ್ಟ್ರೇ. ಅಕ್ಕಾರ್ನ ಕೇಳೋಣು ಅಂದ್ರ ಅವ್ರಿಲ್ಲ. ನೀವು ಇದ್ರಿ. ನೀವ್ಯಾಕ ಹೇಳ್ಲಿಲ್ರಿ?”

ಅವಳು ದನಿ ಏರಿಸಲಿಲ್ಲ. ನಿಜವಾಗಿಯೂ ಕಾರಣ ಬೇಕಾಗಿ ಕೇಳಿದಳು. ತಪ್ಪು ನನ್ನದು, ನಾಳೆಯಿಂದ ದಿನಾ ಬಾ ಎಂದಷ್ಟೇ ಹೇಳಿದೆ.

ಮರುದಿನ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಅವಳ ಮೆಷಿನ್ನಿನ ಚಕ್ರಕ್ಕೆ ತಿಕ್ಕಿದೆ. ಒಂದು ಹೊಲಿಗೆ ಮುಗಿಸಿ ಅಂಗೈ ತೋರಿಸು ಎಂದೆ. ಬೆಳ್ಳಗಾಗಿತ್ತು. ಒರೆಸಿಕೊಂಡು ಇನ್ನೊಂದು. ಮತ್ತೆ ಬೆಳ್ಳಗೆ. ಪಕ್ಕದವರು ವಿಭೂತಿ ಹಚ್ಚಿಕೊಳ್ಳಲು ಬಂದಿದ್ದಾಳೆ ನೋಡಿರಿ ಎಂದು ಆಡಿಕೊಂಡರು. ಅವಳೂ ನಕ್ಕಳು. ಮೂರು ದಿನದಲ್ಲಿ ಹತ್ತಕ್ಕೆ ನಾಲ್ಕು ಸಲ ಅಂಗೈ ಸುಣ್ಣ ಹತ್ತದೆ ಉಳಿಯಿತು. ಭಾನುವಾರ ಮನೆಯಲ್ಲಿದ್ದು, ಮರೆಯಬಾರದೆಂದು ಹಳೆಯ ಪಾಠಗಳನ್ನೆಲ್ಲ ಕೂತು ಇನ್ನೊಮ್ಮೆ ನೋಡಿಕೊಂಡು ಬಂದಳಂತೆ. ಸೋಮವಾರ ಮೊದಲ ಹೊಲಿಗೆಗೇ ಅಂಗೈ ತುಂಬ ಸುಣ್ಣ.

ಆ ಸಂಜೆ ಎಲ್ಲರೂ ಹೋದ ಮೇಲೆ ಮೇಡಂ ಹತ್ತಿರ ಹೋಗಿ, ವಿಡಿಯೋ ಬೇರೆ ತೆಗೆಯಬೇಕು ಎಂದೆ. ಅವರಿಗೆ ಕಾರಣ ಮೊದಲೇ ಗೊತ್ತಿತ್ತು. ಎಷ್ಟೋ ತಿಂಗಳಿಂದ ಗೊತ್ತಿತ್ತಂತೆ, ನನ್ನ ಮುಖ ನೋಡಿ ಸುಮ್ಮನಿದ್ದರಂತೆ. ಕೈಯನ್ನಷ್ಟೇ ಹೊಸದಾಗಿ ತೆಗೆದು ಅಕ್ಕನ ದನಿಯನ್ನೇ ಇಟ್ಟುಕೊಳ್ಳೋಣವೇ ಎಂದು ಕೇಳಿದರು. ಇಬ್ಬರೂ ಕೂತು ಕೇಳಿ ನೋಡಿದೆವು. ಅವಳು ಪ್ರತಿ ಪಾಠದಲ್ಲೂ, ನನ್ನ ಕೈ ನೋಡಿರಿ, ನನ್ನ ಹಾಗೆ ಮಾಡಿರಿ ಎನ್ನುತ್ತಿದ್ದಳು. ಆ ದನಿಯನ್ನು ನನ್ನ ಕೈಗೆ ಜೋಡಿಸುವುದು ಹೇಗೆ? ಬೇಡ ಎಂದೆ.

ಎರಡು ದಿನ ಹಿಡಿಯಿತು. ನಾನೇ ಕೂತು ಹೊಲಿದೆ, ನಾನೇ ಹೇಳಿದೆ. ಬಟ್ಟೆಯ ಮೇಲೆ ಎರಡೂ ಕೈ ಇರಲಿ, ಎದ್ದೇಳುವವರೆಗೆ ಚಕ್ರದ ಕಡೆ ಹೋಗಬಾರದು ಎಂಬ ಮಾತಿಗೇ ಐದು ಸಲ ತೆಗೆಯಬೇಕಾಯಿತು. ಒಂದು ಪಾಠಕ್ಕೆ ಒಂದೇ ವಿಡಿಯೋಗೆ ಜಾಗ ಇರುವುದರಿಂದ ಹೊಸದು ಏರಿದರೆ ಹಳೆಯದು ಹೋಗುತ್ತದೆ ಎಂದು ಮೇಡಂ ಹೇಳಿ, ಫೋನಿನ ಮೇಲೆ ಬೆರಳು ಎತ್ತಿ ಹಿಡಿದುಕೊಂಡು ನನ್ನನ್ನು ನೋಡಿದರು. ನಿಮಗೆ ಒಂದು ಪ್ರತಿ ಕಳಿಸಿದ್ದೇನೆ ಎಂದರು. ಹಾಕಿ ಎಂದೆ. ನನ್ನ ಫೋನಿನಲ್ಲಿ ಅದು ಇದೆ. ಒಂದು ಸಲ ತೆರೆದೆ, ಬಾಬಿನ್ ಹಾಕುವವರೆಗೆ ನೋಡಿ ನಿಲ್ಲಿಸಿದೆ.

ಬೆಳುಗುಪ್ಪದವಳಿಗೆ ಮನೆಯ ಮೆಷಿನ್ನು ಮುಟ್ಟಬೇಡ, ಹೊಸ ಪಾಠವನ್ನು ಬರೀ ನೋಡು, ಹೊಲಿಯುವುದೆಲ್ಲ ಇಲ್ಲೇ ಎಂದು ಹೇಳಿದ್ದೆ. ಹದಿನಾರನೆಯ ದಿನ ಯೂನಿಟ್ಟಿಗೆ ಹೋದಳು. ನಾನೂ ಬಾಗಿಲವರೆಗೆ ಹೋಗಿ, ಎದುರಿನ ಅಂಗಡಿಯಲ್ಲಿ ಎರಡು ಚಹಾ ಕುಡಿದೆ. ಊಟದ ಹೊತ್ತಿಗೆ ಹೊರಗೆ ಬಂದು, ಸೋಮವಾರದಿಂದ ಬಾ ಅಂದಾರೆ, ಪಾಕೆಟ್ ಸಾಲಿಗೆ ಹಾಕಿದಾರೆ ಎಂದಳು. ಕೈ ಚಕ್ರಕ್ಕೆ ಹೋಯಿತೇ ಎಂದು ಕೇಳಿದೆ. ಎರಡು ಸಲ ಹೋಗಬೇಕೆಂದಿತ್ತು, ಬಟ್ಟೆ ಬಿಗಿಯಾಗಿ ಹಿಡಿದುಕೊಂಡೆ ಎಂದಳು. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟಳು.

ನಾನು ತಿದ್ದದೆ ಬಿಟ್ಟಿದ್ದಕ್ಕೆ ಟ್ರಯಲ್‌ನಿಂದ ವಾಪಸ್ಸು ಬಂದ ಉಳಿದವರನ್ನೂ ಕರೆಸಿರಿ ಎಂದು ಮೇಡಂಗೆ ಹೇಳಿದೆ. ಫೋನು ಮಾಡಿದ್ದಕ್ಕೆ ಇಬ್ಬರು ಬಂದರು, ಉಳಿದವರು ಬರಲಿಲ್ಲ.

ಈಗ ಹೊಸ ತಂಡ ನಡೆದಿದೆ. ಅವರಿಗೆ ಅಕ್ಕ ಯಾರೆಂದು ಗೊತ್ತಿಲ್ಲ. ಮೊನ್ನೆ ಅವರಲ್ಲಿ ಒಬ್ಬಾಕೆ ಹತ್ತಿರ ಬಂದು, ಸ್ವಲ್ಪ ನಾಚಿಕೊಂಡೇ ಅಂದಳು: “ಮಾಸ್ಟ್ರೇ, ಫೋನಿನಾಗ ನಿಮ್ಮ ಮಾತು ಕೇಳ್ಸಂಗಿಲ್ರಿ. ಕಿವೀಗ ಇಟಗೊಂಡ್ರೂ ಕೇಳ್ಸಂಗಿಲ್ಲ.”

ಬುಧವಾರ ಮತ್ತೆ ತೆಗೆಯುತ್ತೇವೆ. ಸ್ವಲ್ಪ ಗಟ್ಟಿಯಾಗಿ ಹೇಳಬೇಕು.